ಮನಸ್ಸಿನ ರೋಗವೂ ರೋಗವೇ

ಜ್ವರ ಬಂದರೆ ವೈದ್ಯರನ್ನು ಅರಸುವ ನಾವು, ಮನೆಯವರ ಮನಸ್ಸು ಕೆಟ್ಟಾಗ ಗಾಳಿ ಸೋಂಕಿತೆಂದೋ ಮಾಟವೆಂದೋ ಬಗೆದು ಮುಚ್ಚಿಡುತ್ತೇವೆ. ಆದರೆ ಉನ್ಮಾದವನ್ನು ವಿವರಿಸುವಾಗ ಚರಕಸಂಹಿತೆಯು, ಅದಕ್ಕಾಗಿ ದೇವತೆಗಳನ್ನಾಗಲಿ ಪಿತೃಗಳನ್ನಾಗಲಿ ರಾಕ್ಷಸರನ್ನಾಗಲಿ ದೂಷಿಸಬಾರದೆಂದು ತಿಳಿಸುತ್ತದೆ. ವಾತ, ಪಿತ್ತ, ಕಫಗಳು ಶರೀರದ ದೋಷಗಳಾದರೆ ರಜಸ್ಸು, ತಮಸ್ಸುಗಳು ಮನಸ್ಸಿನ ದೋಷಗಳು. ಆನುವಂಶಿಕತೆ, ಮೆದುಳಿನ ಕಾರ್ಯದ ಏರುಪೇರು, ಬದುಕಿನ ಆಘಾತಗಳು ಕೂಡಿ ಈ ರೋಗಗಳು ಉಂಟಾಗುತ್ತವೆಂದು ಆಧುನಿಕ ವೈದ್ಯಶಾಸ್ತ್ರ ಹೇಳುತ್ತದೆ. ರೋಗಿಯ ತಪ್ಪು ಇದರಲ್ಲಿಲ್ಲ.

ದುಃಖವೆಲ್ಲ ರೋಗವಲ್ಲ, ಆಪ್ತರು ಅಗಲಿದಾಗ ಅಳುವುದು ಸಹಜ. ಆದರೆ ಖಿನ್ನತೆ, ನಿರಾಸಕ್ತಿ, ನಿದ್ರಾನಾಶಗಳು 2 ವಾರ ಮೀರಿ ನಿತ್ಯದ ಕಾಯಕಕ್ಕೆ ಅಡ್ಡಿಯಾದರೆ, ಯಾರೂ ಆಡದ ಮಾತು ಕಿವಿಗೆ ಕೇಳಿಸತೊಡಗಿದರೆ, ಸಾಯುವ ಮಾತು ಬಂದರೆ ತಡಮಾಡದೆ ಮನೋವೈದ್ಯರನ್ನು ಕಾಣಬೇಕು. ಆಯುರ್ವೇದ ವೈದ್ಯನಾದ ನಾನೂ ಇಂಥವರನ್ನು ಅವರಲ್ಲಿಗೇ ಕಳುಹಿಸುತ್ತೇನೆ.

ಪೂಜೆ, ಧ್ಯಾನ, ಸತ್ಸಂಗಗಳು ಮನಸ್ಸಿಗೆ ಬಲ ನೀಡುತ್ತವೆ; ಆದರೆ ಔಷಧದ ಸ್ಥಾನವನ್ನು ತುಂಬಲಾರವು. ಗುಣವಾಯಿತೆಂದು ಭಾವಿಸಿ ವೈದ್ಯರನ್ನು ಕೇಳದೆ ಗುಳಿಗೆ ನಿಲ್ಲಿಸುವುದರಿಂದ ರೋಗ ಮರುಕಳಿಸುವುದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ನೊಂದವರನ್ನು ಜರೆಯದೆ ಆಲಿಸುವುದೇ ಮನೆಯವರು ಮಾಡಬಹುದಾದ ಮೊದಲ ಶುಶ್ರೂಷೆ.