ಬಿಗಿಯಾದ ಸ್ಟಿಯರಿಂಗ್‌ಗೆ ಮದ್ದು

ಹೊಳಲೂರಿನ ಕಡೆಯಿಂದ ಶಿವಮೊಗ್ಗದ ಮಂಡಿಗೆ ಅಡಿಕೆಯನ್ನೋ ಭತ್ತವನ್ನೋ ಸಾಗಿಸುವ ಹಳೆಯ ಪಿಕಪ್ ಗಾಡಿಯೊಂದು ನಿಮ್ಮ ಮನೆಯಲ್ಲಿದೆ ಎಂದಿಟ್ಟುಕೊಳ್ಳಿ. ಮೊನ್ನೆಯವರೆಗೆ ಒಂದೇ ಕೈಗೆ ತಿರುಗುತ್ತಿದ್ದ ಸ್ಟಿಯರಿಂಗ್ ಇಂದು ಎರಡು ಕೈಗಳಿಗೂ ಜಗ್ಗುವುದಿಲ್ಲ. ನೋಡಿದವರೆಲ್ಲ, ಪಂಪು ಹೋಗಿದೆ, ಬದಲಾಯಿಸಿ ಎನ್ನುತ್ತಾರೆ. ಅವರ ಮಾತು ನಿಜವಿದ್ದರೂ ಇರಬಹುದು. ಆದರೆ ಹಣ ಬಿಚ್ಚುವ ಮೊದಲು ಬಿಗಿತ ಎಲ್ಲಿದೆ ಎಂಬುದನ್ನು ಕಂಡುಕೊಳ್ಳಬೇಕು. ಇಲ್ಲವಾದರೆ ಹೊಸ ಪಂಪು ಬಂದ ಮೇಲೂ ಹಳೆಯ ಬಿಗಿತ ಹಾಗೆಯೇ ಉಳಿದೀತು.

ಪವರ್ ಸ್ಟಿಯರಿಂಗ್ ಎಂಬುದು ಚಾಲಕನ ಕೈಗೆ ಹೆಗಲು ಕೊಡುವ ಆಳು, ಅಷ್ಟೆ. ಭಾರಿ ಲಾರಿಗಳನ್ನು ತಿರುಗಿಸುವ ಕಷ್ಟವನ್ನು ಕಂಡಿದ್ದ ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1926ರಲ್ಲಿಯೇ ಇದನ್ನು ಒಂದು ಕಾರಿಗೆ ಜೋಡಿಸಿ ತೋರಿಸಿದನು. ಆದರೆ ಮಾರಾಟದ ಕಾರಿನಲ್ಲಿ ಇದು ಬಂದುದು 1951ರಲ್ಲಿ, ಕ್ರೈಸ್ಲರ್ ಕಂಪೆನಿಯಿಂದ. ಇದರ ಕೆಲಸ ಹೀಗೆ: ಎಂಜಿನ್ನಿನ ಬೆಲ್ಟು ಒಂದು ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ಒತ್ತಡದಿಂದ ಸ್ಟಿಯರಿಂಗ್ ಪೆಟ್ಟಿಗೆಗೆ ನೂಕುತ್ತದೆ. ನೀವು ಚಕ್ರವನ್ನು ತಿರುಗಿಸಿದೊಡನೆ ಪೆಟ್ಟಿಗೆಯೊಳಗಿನ ಸಣ್ಣ ಸರಳು ತುಸು ತಿರುಚಿಕೊಂಡು ಕವಾಟವನ್ನು ತೆರೆಯುತ್ತದೆ. ಆಗ ಎಣ್ಣೆ ನೀವು ತಿರುಗಿಸಿದ ದಿಕ್ಕಿಗೇ ನೂಕಿ ಸಹಾಯ ಮಾಡುತ್ತದೆ. ಕೈ ನಿಂತರೆ ಸಹಾಯವೂ ನಿಲ್ಲುತ್ತದೆ. ಪಂಪು ಕೆಟ್ಟರೂ ಗಾಲಿಗಳಿಗೂ ನಿಮ್ಮ ಕೈಗೂ ಇರುವ ಉಕ್ಕಿನ ಸಂಬಂಧ ಕಡಿಯುವುದಿಲ್ಲ. ಗಾಡಿ ಬಲು ಭಾರವಾಗಿಯಾದರೂ ತಿರುಗಿಯೇ ತಿರುಗುತ್ತದೆ. ದಾರಿಯಲ್ಲಿ ಹೀಗಾದರೆ ಗಾಬರಿಯಾಗದೆ, ವೇಗ ತಗ್ಗಿಸಿ, ಎರಡೂ ಕೈಗಳಿಂದ ಹಿಡಿದು ಬದಿಗೆ ನಿಲ್ಲಿಸಬೇಕು.

ಇನ್ನು ಪರೀಕ್ಷೆ. ಖರ್ಚಿಲ್ಲದುದನ್ನು ಮೊದಲು ನೋಡಿ. ಮುಂದಿನ ಟೈರುಗಳಲ್ಲಿ ಗಾಳಿ ಸರಿಯಾಗಿದೆಯೆ? ಡಬ್ಬಿಯಲ್ಲಿ ಎಣ್ಣೆ ಗುರುತಿನ ಮಟ್ಟಕ್ಕಿದೆಯೆ? ಬೆಲ್ಟು ಸಡಿಲವಾಗಿ, ತಿರುವಿನಲ್ಲಿ ಕಿರ್ರೆನ್ನುತ್ತಿದೆಯೆ? ಎಣ್ಣೆ ನೊರೆಗಟ್ಟಿ ಪಂಪು ಗುಯ್‌ಗುಟ್ಟುತ್ತಿದ್ದರೆ ಗಾಳಿ ಒಳಹೊಕ್ಕಿದೆ ಎಂದು ತಿಳಿಯಿರಿ. ಡಬ್ಬಿಯಿಂದ ಪಂಪಿಗೆ ಬರುವ ಕೊಳವೆಯ ಕ್ಲಿಪ್ಪು ಸಡಿಲಿರಬಹುದು. ಎಣ್ಣೆ ಎಲ್ಲಿ ಸೋರುತ್ತಿದೆಯೆಂದು ಎಂಜಿನ್ ಓಡುತ್ತಿರುವಾಗ ಬೆರಳಿನಿಂದ ಮುಟ್ಟಿ ನೋಡಕೂಡದು. ಒತ್ತಡದ ಎಣ್ಣೆ ಚರ್ಮವನ್ನೇ ತೂರಿ ಒಳಹೋಗಬಲ್ಲದು. ರಟ್ಟಿನ ತುಂಡನ್ನು ಹಿಡಿದು ನೋಡಿ.

ಎರಡನೆಯ ಪರೀಕ್ಷೆ ಎಲ್ಲಕ್ಕಿಂತ ಮುಖ್ಯವಾದುದು. ಗಾಡಿಯನ್ನು ಸಮನಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹಿಂದಿನ ಗಾಲಿಗಳಿಗೆ ಅಡ್ಡಕಲ್ಲು ಕೊಟ್ಟು, ಮುಂಭಾಗವನ್ನು ಜಾಕಿಯಿಂದೆತ್ತಿ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಿ. ಎಂಜಿನ್ ನಿಲ್ಲಿಸಿ, ಬೀಗದ ಕೈಯಿಂದ ಸ್ಟಿಯರಿಂಗ್ ಬೀಗ ಬಿಡಿಸಿ, ಚಕ್ರವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಿಧಾನವಾಗಿ ತಿರುಗಿಸಿ. ಒಂದೇ ಸಮನಾದ ತುಸು ತಡೆ ಸಹಜ. ಒಂದೆಡೆ ಸಿಕ್ಕಿಕೊಂಡಂತಾದರೆ ದೋಷ ಪಂಪಿನಲ್ಲಿಲ್ಲ. ಕಿಂಗ್ ಪಿನ್ನಿನಲ್ಲೋ, ಬಾಲ್ ಜಾಯಿಂಟಿನಲ್ಲೋ, ಕಂಬದ ಕೀಲಿನಲ್ಲೋ, ಪೆಟ್ಟಿಗೆಯಲ್ಲೋ ಇದೆ. ಎತ್ತಿದಾಗ ಸರಾಗ, ಇಳಿಸಿ ಎಂಜಿನ್ ಓಡಿಸಿದಾಗ ಬಿಗಿ ಎಂದರೆ ಬೆಲ್ಟು, ಪಂಪು, ಕವಾಟಗಳ ಮೇಲೆ ಅನುಮಾನ ಹೋಗಬೇಕು. ಎಂಜಿನ್ ವೇಗ ಹೆಚ್ಚಿಸಿದೊಡನೆ ಹಗುರವಾದರೆ ಬೆಲ್ಟು ಜಾರುತ್ತಿದೆ ಅಥವಾ ಪಂಪು ಸವೆದಿದೆ. ಎಡಕ್ಕೆ ಮಾತ್ರ ಅಥವಾ ಬಲಕ್ಕೆ ಮಾತ್ರ ಬಿಗಿಯಾದರೆ ಪೆಟ್ಟಿಗೆಯ ಕವಾಟ, ಸೀಲುಗಳನ್ನು ನೋಡಿಸಿ. ಚಕ್ರ ಸಡಿಲಾಗಿ ಅಲ್ಲಾಡುವುದಾದರೆ ಟೈ ರಾಡಿನ ತುದಿಗಳು ಸವೆದಿರಬಹುದು. ಅದಕ್ಕೆ ಪಂಪು ಮದ್ದಲ್ಲ.

ಪಂಪೇ ಹೋಗಿದೆಯೆಂದು ಖಚಿತವಾದ ಮೇಲೆ ನಿಮ್ಮ ಮಾದರಿಗೆ ಹೊಂದುವುದನ್ನೇ ಹಾಕಿಸಿ. ಹೆಚ್ಚು ಒತ್ತಡದ ಪಂಪು ಒಳ್ಳೆಯದೆಂಬುದು ತಪ್ಪು ಎಣಿಕೆ. ಅದು ಹಳೆಯ ಕೊಳವೆ, ಸೀಲುಗಳನ್ನು ಒಡೆದೀತು. ಹೊಸದನ್ನು ಕೂರಿಸುವ ಮುನ್ನ ಹಳೆಯ ಎಣ್ಣೆಯನ್ನೆಲ್ಲ ಹೊರಚೆಲ್ಲಿ ಕೊಳವೆಗಳನ್ನು ತೊಳೆಸಬೇಕು. ಸವೆದ ಪಂಪಿನ ಲೋಹದ ಪುಡಿ ಉಳಿದರೆ ಹೊಸ ಪಂಪಿಗೂ ಅದೇ ಗತಿ. ಕೈಪಿಡಿಯಲ್ಲಿ ಹೇಳಿರುವ ಎಣ್ಣೆಯನ್ನೇ ಹಾಕಿ. ಬ್ರೇಕ್ ಎಣ್ಣೆಯನ್ನು ಸುರಿದರೆ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ. ಬಳಿಕ ಮುಂಭಾಗ ಎತ್ತಿದಂತೆಯೇ, ಎಂಜಿನ್ ಓಡಿಸದೆ, ಚಕ್ರವನ್ನು ಹಲವು ಸಲ ಎರಡೂ ಕೊನೆಗೆ ತಿರುಗಿಸಿ ಗಾಳಿ ಹೊರಡಿಸಿ, ಎಣ್ಣೆ ತುಂಬಿಸುತ್ತ ಬನ್ನಿ. ಎಂಜಿನ್ ಓಡುವಾಗ ಚಕ್ರವನ್ನು ಪೂರ್ತಿ ಕೊನೆಗೊತ್ತಿ ಕೆಲವು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಎಣ್ಣೆ ಕಾಯುತ್ತದೆ.

ಪವರ್ ಇಲ್ಲದ ಹಳೆಯ ಗಾಡಿಗೆ ಹೊಸದಾಗಿ ಜೋಡಿಸಬೇಕೆಂದರೆ ಪಂಪೊಂದೇ ಸಾಲದು. ಎಣ್ಣೆದಾರಿಗಳಿರುವ ಪೆಟ್ಟಿಗೆ, ಪುಲ್ಲಿ, ಕೊಳವೆ, ಆಧಾರದ ತಗಡು ಎಲ್ಲವೂ ಬೇಕು. ಅದೇ ಮಾದರಿಯ ಪವರ್ ಗಾಡಿಯ ಪೂರ್ಣ ಜೋಡಣೆ ಸಿಕ್ಕರೆ ಲೇಸು. ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ. ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಗೊತ್ತುಮಾಡಿದುದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ಹೇಳುತ್ತದೆ.

ಕೊನೆಯದಾಗಿ ಒಂದು ಮಾತು. ಬಗ್ಗಿದ ಸ್ಟಿಯರಿಂಗ್ ತೋಳನ್ನು ಕುಲುಮೆಯಲ್ಲಿ ಕಾಯಿಸಿ ನೆಟ್ಟಗೆ ಮಾಡಿಸುವುದು, ಬಿರುಕು ಬಿಟ್ಟುದಕ್ಕೆ ಬೆಸುಗೆ ಹಾಕಿಸುವುದು ಅಗ್ಗದ ದಾರಿಯಾಗಿ ಕಾಣಬಹುದು. 1923ರಿಂದ ಕಬ್ಬಿಣ ಕರಗಿಸಿ, ಮುಂದೆ ಮಿಶ್ರ ಉಕ್ಕುಗಳನ್ನೂ ತಯಾರಿಸಿದ ಭದ್ರಾವತಿಯ ಜನರಿಗೆ ಉಕ್ಕಿನ ಗುಣವನ್ನು ಹೇಳಿಕೊಡಬೇಕಾಗಿಲ್ಲ: ಹದಗೊಳಿಸಿದ ಉಕ್ಕನ್ನು ಮತ್ತೆ ಕಾಯಿಸಿದರೆ ಹದ ಕೆಡುತ್ತದೆ. ಅಂಥ ತೋಳು ಗಾಡಿ ತುಂಬ ಮೂಟೆ ಹೇರಿದ್ದಾಗ, ಕಾಲುವೆ ಏರಿಯ ತಿರುವಿನಲ್ಲಿ ಮುರಿದರೆ ಎಣ್ಣೆಯ ಸಹಾಯವೂ ಇಲ್ಲ, ಕೈಯ ಹಿಡಿತವೂ ಇಲ್ಲ. ಪಂಪು ಸೋತರೆ ತೋಳು ನೋಯುತ್ತದೆ. ಉಕ್ಕು ಸೋತರೆ ಪ್ರಾಣಕ್ಕೇ ಬರುತ್ತದೆ. ಆದುದರಿಂದ ಸವೆದುದನ್ನೂ ಬಗ್ಗಿದುದನ್ನೂ ಬದಲಾಯಿಸಿ, ನಟ್ಟುಗಳಿಗೆ ಹೊಸ ಪಿನ್ನು ಹಾಕಿಸಿ, ಗಾಲಿಗಳ ನೇರ ನೋಡಿಸಿ, ಬರಿ ಗಾಡಿಯನ್ನು ನಿಧಾನವಾಗಿ ಓಡಿಸಿ ಪರೀಕ್ಷಿಸಿ. ಮೂಟೆ ಹೇರುವುದು ಆ ಮೇಲೆ.