ಉಪವಾಸದ ರಕ್ತಸಕ್ಕರೆಯೂ ಮಧುಮೇಹದ ಮುನ್ಸೂಚನೆಯೂ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ಸೀಮೆಗಳ ಅಡಕೆ ತೋಟಗಾರರಿಗೆ ಕೊಳೆರೋಗವನ್ನು ಕುರಿತು ಹೊಸದಾಗಿ ಹೇಳಬೇಕಾದುದಿಲ್ಲ. ಮೈಸೂರು ವ್ಯವಸಾಯ ಇಲಾಖೆಯ ಡಾಕ್ಟರ್ ಕೋಲ್ಮನ್‌ರವರು 1910ರಲ್ಲಿ ಆ ರೋಗದ ವಿಚಾರವಾಗಿ ತಮ್ಮ ಶೋಧನೆಯನ್ನು ಪ್ರಕಟಿಸಿದರು. ಮಳೆ ಹಿಡಿಯುವುದಕ್ಕೆ ಮುಂಚೆಯೇ ಗೊನೆಗಳಿಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸತಕ್ಕದ್ದೆಂಬುದನ್ನು ಈಗ ಎಲ್ಲರೂ ಬಲ್ಲರು. ಕಾಯಿ ಕೊಳೆತು ಉದುರಿದ ಮೇಲೆ ಸಿಂಪಡಿಸಿ ಫಲವೇನು? ಮಧುಮೇಹಕ್ಕೂ ಇಂತಹುದೇ ಒಂದು ಮುಂಗಾಲವುಂಟು.

ರಾತ್ರಿ ನಾವು ಉಣ್ಣದಿರುವಾಗ ಯಕೃತ್ತು ತನ್ನಲ್ಲಿರುವ ಸಕ್ಕರೆಯನ್ನು ಮಿತವಾಗಿ ರಕ್ತಕ್ಕೆ ಬಿಡುತ್ತಿರುತ್ತದೆ. ಅದನ್ನು ಹದದಲ್ಲಿಡುವುದು ಇನ್ಸುಲಿನ್ ಎಂಬ ರಸ. ಆ ರಸದ ಪ್ರಭಾವವು ಕುಂದಿದರೆ ಬೆಳಗಿನ ಬರಿಹೊಟ್ಟೆಯಲ್ಲಿಯೂ ಸಕ್ಕರೆಯು ಏರಿರುವುದು. 100 ಮಿಲಿಲೀಟರ್ ರಕ್ತದಲ್ಲಿ ಸಕ್ಕರೆಯು 100 ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ಸಹಜ. 100ರಿಂದ 125ರವರೆಗೆ ಇದ್ದರೆ ಮಧುಮೇಹದ ಪೂರ್ವಸ್ಥಿತಿ. 126 ಅಥವಾ ಅದಕ್ಕೂ ಹೆಚ್ಚಾಗಿದ್ದು, ಮತ್ತೊಂದು ದಿನದ ಪರೀಕ್ಷೆಯಲ್ಲಿಯೂ ಹಾಗೆಯೇ ಕಂಡರೆ ಮಧುಮೇಹವೆಂದು ವೈದ್ಯರು ನಿಶ್ಚಯಿಸುವರು. ಪರೀಕ್ಷೆಗೆ ಮುಂಚೆ ಎಂಟು ಗಂಟೆಗಳಾದರೂ ನೀರಿನ ಹೊರತು ಏನನ್ನೂ ಸೇವಿಸಕೂಡದು. ಎದ್ದೊಡನೆ ಕುಡಿಯುವ ಕಾಫಿಯನ್ನೂ ಎಲೆಯಡಕೆಯನ್ನೂ ಆ ದಿನ ಬಿಡತಕ್ಕದ್ದು.

ಪೂರ್ವಸ್ಥಿತಿಯಲ್ಲಿ ಸಾಧಾರಣವಾಗಿ ನೋವಾಗಲಿ ಬಳಲಿಕೆಯಾಗಲಿ ತೋರದಿರುವುದರಿಂದ ಜನರು ಅದನ್ನು ಉಪೇಕ್ಷಿಸುವರು. ನಮ್ಮ ದೇಶದಲ್ಲಿ 13.6 ಕೋಟಿ ಜನರು ಈ ಸ್ಥಿತಿಯಲ್ಲಿರುವರೆಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು ಅಂದಾಜು ಮಾಡಿದೆ. ಆದರೆ ನಿರಾಶೆಗೆ ಕಾರಣವಿಲ್ಲ. ಇಂತಹವರನ್ನೇ ಕುರಿತು ಚೆನ್ನೈಯ ವೈದ್ಯರು ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸುಮಾರು ಮೂರು ವರ್ಷಗಳೊಳಗೆ, ಯಾವ ಮಾರ್ಪಾಡನ್ನೂ ಮಾಡಿಕೊಳ್ಳದವರಲ್ಲಿ ನೂರಕ್ಕೆ 55 ಜನರಿಗೆ ಮಧುಮೇಹವುಂಟಾಯಿತು; ಆಹಾರವನ್ನು ಹದಗೊಳಿಸಿ ನಡಿಗೆಯನ್ನು ರೂಢಿಸಿಕೊಂಡವರಲ್ಲಿ ಅದು 39ಕ್ಕೆ ಇಳಿಯಿತು.

ಆದುದರಿಂದ ತೋಟದ ಕೆಲಸವನ್ನು ಆಳುಗಳಿಗೂ ಯಂತ್ರಗಳಿಗೂ ಒಪ್ಪಿಸಿ ಜಗಲಿಯಲ್ಲಿ ಕುಳಿತಿರುವ ಗೃಹಸ್ಥರು ದಿನಕ್ಕೆ ಅರ್ಧ ಗಂಟೆಯಾದರೂ ಬಿರುಸಾಗಿ ನಡೆಯಬೇಕು. ಎಲೆಯಲ್ಲಿ ಅನ್ನವನ್ನು ತಗ್ಗಿಸಿ ಪಲ್ಯವನ್ನೂ ಕಾಳನ್ನೂ ಹೆಚ್ಚಿಸಬೇಕು. ದೋಸೆಗೆ ಹಾಕಿಕೊಳ್ಳುವ ಜೋನಿಬೆಲ್ಲವು ಸಕ್ಕರೆಯಂತೆ ಕೆಡುಕಲ್ಲವೆಂಬ ನಂಬಿಕೆಯು ಸರಿಯಲ್ಲ. ಅದೂ ರಕ್ತದ ಸಕ್ಕರೆಯನ್ನು ಏರಿಸುವುದು.

ಮೂವತ್ತು ವರ್ಷ ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಧುಮೇಹದ ತಪಾಸಣೆಯನ್ನು ಉಚಿತವಾಗಿ ಮಾಡುವರು. ಗ್ರಾಮದ ಮುಖಂಡರು ತಾವು ಮೊದಲು ಪರೀಕ್ಷೆ ಮಾಡಿಸಿಕೊಂಡು, ತಮ್ಮ ಮನೆಯವರನ್ನೂ ತೋಟದ ಆಳುಗಳನ್ನೂ ಕರೆದೊಯ್ಯುವುದು ಉಚಿತ. ಗೊನೆಯನ್ನು ಕಾಯುವಷ್ಟು ಎಚ್ಚರವನ್ನು ದೇಹದ ವಿಷಯದಲ್ಲಿಯೂ ವಹಿಸಬೇಕಲ್ಲವೇ?