ಭಯವಾಗದ ಕಡೆ ಎಚ್ಚರವಿರಲಿ



ಕೊಟ್ಟಿಗೆಯಲ್ಲಿ ಹಾವು ಕಂಡರೆ ಯಾರಾದರೂ ಥಟ್ಟನೆ ಹಿಂದೆ ಸರಿಯುತ್ತೇವೆ. ಆದರೆ ಮೇವು ಕತ್ತರಿಸುವ ಯಂತ್ರದ ಬಾಯಿಗೆ ಕೈಯಿಂದಲೇ ಮೇವು ತುರುಕುವಾಗ, ಕಂದು ಹಾಕಿದ ಹಸುವಿನ ಕಸವನ್ನು (ಮಾಸು) ಬರಿಗೈಯಲ್ಲಿ ಎತ್ತುವಾಗ, ಜೊಲ್ಲು ಸುರಿಸುತ್ತಿರುವ ರಾಸಿನ ಬಾಯಿಗೆ ಕೈ ಹಾಕುವಾಗ ಅಷ್ಟು ಭಯವಾಗುವುದಿಲ್ಲ. ಇದು ಧೈರ್ಯವೂ ಅಲ್ಲ, ದಡ್ಡತನವೂ ಅಲ್ಲ. ನಮ್ಮ ಮಿದುಳು ಅಪಾಯವನ್ನು ಅಳೆಯುವ ರೀತಿಯೇ ಹಾಗಿದೆ.

ಮಿದುಳಿನ ಒಳಗೆ ಬಾದಾಮಿ ಆಕಾರದ ಅಮಿಗ್ಡಲಾ ಎಂಬ ಚಿಕ್ಕ ಭಾಗವಿದೆ. ನಾವು ಯೋಚಿಸುವ ಮೊದಲೇ ದೇಹವನ್ನು ಎಚ್ಚರಿಸುವುದರಲ್ಲಿ ಇದರ ಪಾತ್ರ ದೊಡ್ಡದು. ಹಠಾತ್ತನೆ ಕಂಡದ್ದಕ್ಕೆ, ಹೊಸ ಸದ್ದಿಗೆ ಇದು ಬೇಗ ಸ್ಪಂದಿಸುತ್ತದೆ. ಆದರೆ ಒಂದೇ ಕೆಲಸವನ್ನು ದಿನಾ ಮಾಡಿ ಏನೂ ಆಗದಿದ್ದರೆ ಆ ಎಚ್ಚರಿಕೆ ಕುಗ್ಗುತ್ತದೆ. ಹೊಸದಾಗಿ ತಂದ ಹಸು ಹಾಲು ಕರೆಯುವ ಯಂತ್ರದ ಸದ್ದಿಗೆ ಮೊದಲು ಬೆದರುತ್ತದೆ, ಕೆಲವು ದಿನಗಳಲ್ಲಿ ಮೆಲುಕು ಹಾಕುತ್ತಾ ನಿಲ್ಲುತ್ತದೆ. ನಮ್ಮದೂ ಅದೇ ಕಥೆ. ಅಪಾಯ ಇದ್ದಷ್ಟೇ ಇರುತ್ತದೆ, ಭಯ ಮಾತ್ರ ಕಡಿಮೆಯಾಗಿರುತ್ತದೆ.

ಇನ್ನೊಂದು ಕಾರಣ ನೆನಪು. ಸುಲಭವಾಗಿ ನೆನಪಿಗೆ ಬರುವ ಘಟನೆಯೇ ಹೆಚ್ಚಾಗಿ ನಡೆಯುತ್ತದೆ ಎಂದು ಜನ ಅಂದಾಜು ಮಾಡುತ್ತಾರೆಂದು ಮನಶ್ಶಾಸ್ತ್ರಜ್ಞರಾದ ಏಮಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ 1973ರಲ್ಲಿ ತೋರಿಸಿದರು. ಊರಲ್ಲಿ ಯಾರದಾದರೂ ಬೆರಳು ಯಂತ್ರಕ್ಕೆ ಸಿಕ್ಕರೆ ಎಲ್ಲರೂ ಸ್ವಲ್ಪ ದಿನ ಹುಷಾರಾಗಿರುತ್ತಾರೆ, ಆಮೇಲೆ ಮರೆಯುತ್ತಾರೆ. ಬ್ರುಸೆಲ್ಲೋಸಿಸ್ ಜ್ವರವಂತೂ ಸೋಂಕು ತಗುಲಿ ವಾರಗಳ ನಂತರ ಬರಬಹುದು. ಆಗ ಜ್ವರಕ್ಕೂ ಅಂದು ಎತ್ತಿದ ಕಸಕ್ಕೂ ಸಂಬಂಧವಿದೆ ಎಂದು ಹೊಳೆಯುವುದೇ ಇಲ್ಲ.

ಆದ್ದರಿಂದ ಭಯ ಬಂದಾಗ ಹುಷಾರಾಗುತ್ತೇನೆ ಎಂದು ಕಾಯಬಾರದು. ಮನಸ್ಸು ಶಾಂತವಾಗಿರುವಾಗಲೇ ಪದ್ಧತಿ ಮಾಡಿಕೊಳ್ಳಬೇಕು.

ಮೇವಿನ ಯಂತ್ರ: ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಸುಮಾರು ಕಾಲು ಸೆಕೆಂಡ್ ಬೇಕು. ಎರಡು ಬ್ಲೇಡಿನ ಚಕ್ರ ನಿಮಿಷಕ್ಕೆ 300 ಸುತ್ತು ತಿರುಗಿದರೆ, ಅಷ್ಟರಲ್ಲಿ ಬ್ಲೇಡ್ ಎರಡು ಸಲ ಹಾದುಹೋಗಿರುತ್ತದೆ. ‘ಸಿಕ್ಕರೆ ಎಳೆದುಕೊಳ್ಳುತ್ತೇನೆ’ ಎಂಬ ಮಾತು ನಡೆಯುವುದಿಲ್ಲ. ಚಕ್ರಕ್ಕೂ ಬೆಲ್ಟಿಗೂ ಮುಚ್ಚಳ ಹಾಕಿಸಿ. ಸ್ವಿಚ್ ಕೈಗೆಟಕುವಂತಿರಲಿ. ಮೇವು ಸಿಕ್ಕಿಕೊಂಡರೆ ಪ್ಲಗ್ ತೆಗೆದು, ಚಕ್ರ ಪೂರ್ತಿ ನಿಂತ ಮೇಲೆಯೇ ಮುಟ್ಟಿ. ಸೆರಗು, ಟವೆಲ್ ಬಿಗಿಯಾಗಿ ಕಟ್ಟಿಕೊಳ್ಳಿ. ಮಕ್ಕಳು ಹತ್ತಿರ ಬರದಿರಲಿ.

ಕಂದು ಹಾಕಿದಾಗ: ಗಬ್ಬದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕಿದರೆ ಬ್ರುಸೆಲ್ಲೋಸಿಸ್ ಇರಬಹುದೆಂದೇ ತಿಳಿಯಿರಿ. ಕೈಗವಸು ಇಲ್ಲದೆ ಕಸ, ಕಂದು ಮುಟ್ಟಬೇಡಿ, ನಾಯಿಗೂ ಎಸೆಯಬೇಡಿ. ಸುಣ್ಣ ಹಾಕಿ ಆಳವಾಗಿ ಹೂಳಿ. ಹಾಲನ್ನು ಕಾಯಿಸಿಯೇ ಕುಡಿಯಿರಿ. ಮನೆಯಲ್ಲಿ ಯಾರಿಗಾದರೂ ಬಿಟ್ಟು ಬಿಟ್ಟು ಜ್ವರ, ಕೀಲುನೋವು ಬಂದರೆ, ರಾಸು ಕಂದು ಹಾಕಿದ ವಿಷಯವನ್ನು ವೈದ್ಯರಿಗೆ ಹೇಳಿ. 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ತಪ್ಪದೆ ಲಸಿಕೆ ಹಾಕಿಸಿ.

ಜೊಲ್ಲು ಸುರಿಸುವ ರಾಸು: ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕಬೇಡಿ. ಅದು ಹುಚ್ಚುನಾಯಿ ರೋಗವೂ ಆಗಿರಬಹುದು. ಕೂಡಲೇ ಪಶುವೈದ್ಯರನ್ನು ಕರೆಯಿರಿ. ಗಾಯವಿರುವ ಕೈಗೆ ಜೊಲ್ಲು ತಾಗಿದ್ದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ಸಕಾಲಕ್ಕೆ ಲಸಿಕೆ ಪಡೆದರೆ ಜೀವ ಉಳಿಯುತ್ತದೆ. ಲಕ್ಷಣ ಶುರುವಾದ ಮೇಲೆ ಉಳಿಯುವುದು ಬಹಳ ಅಪರೂಪ.

ಈ ವಾರ ಮನೆಯವರೆಲ್ಲ ಒಮ್ಮೆ ಕೊಟ್ಟಿಗೆ ಸುತ್ತಿ ನೋಡಿ. ‘ಇಷ್ಟು ವರ್ಷದಿಂದ ಹೀಗೇ ಮಾಡುತ್ತಿದ್ದೇವೆ, ಏನೂ ಆಗಿಲ್ಲ’ ಎಂಬ ಮಾತು ಯಾವ ಕೆಲಸಕ್ಕೆ ಬರುತ್ತದೋ, ಮೊದಲು ಆ ಕೆಲಸವನ್ನೇ ಸರಿಪಡಿಸಿ. ಒಂದು ಜೊತೆ ಕೈಗವಸು ಮತ್ತು ಸೋಪನ್ನು ಇಂದೇ ಕೊಟ್ಟಿಗೆಯ ಬಾಗಿಲಲ್ಲಿ ಇಡಿ.